ಹೆಣ ಅಳಂಗಿಲ್ಲ

ಆ ಸಿನಿಮಾದ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನೀವು ಫೋನು ತೆಗೆದು ಹುಡುಕುತ್ತೀರಿ, ಹುಡುಕಿದರೆ ಸಿಕ್ಕಿಬಿಡುತ್ತದೆ, ಸಿಕ್ಕರೆ ಒಂದರ್ಧ ಗಂಟೆಯಾದರೂ ನೋಡುತ್ತೀರಿ. ಆ ಪಾಪ ನನಗೆ ಬೇಡ. ಕಥೆ ಇಷ್ಟೇ: ಆಲೆಮನೆಯ ಕೊಪ್ಪರಿಗೆಗೆ ಬಿದ್ದು ಬೆಲ್ಲದ ಪಾಕದಲ್ಲಿ ಬೆಂದು ಸತ್ತ ಆಳೊಬ್ಬ ದೆವ್ವವಾಗಿ, ಕೈಯಲ್ಲಿ ಮಚ್ಚು ಹಿಡಿದು, ಕಬ್ಬಿನ ಗದ್ದೆಗೆ ಕಾಲಿಟ್ಟವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕಡಿಯುತ್ತಾನೆ. ಎಲ್ಲರನ್ನೂ ಯಾಕೆ ಕಡಿಯುತ್ತಾನೆ ಎಂಬುದು ಕೊನೆಯವರೆಗೂ ಗೊತ್ತಾಗುವುದಿಲ್ಲ. ನಿರ್ದೇಶಕನಿಗೂ ಗೊತ್ತಿರಲಿಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿ. ಗದ್ದೆ ನನ್ನದು, ಮೂರನೆಯ ಹೆಣವೂ ನಾನೇ.

ನಿರ್ದೇಶಕ ನನ್ನ ಜೊತೆ ಮಳವಳ್ಳಿಯ ಹೈಸ್ಕೂಲಿನಲ್ಲಿ ಓದಿದವನು. ಮಂಡ್ಯದ ಗುತ್ತಲಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡು ಮದುವೆ ವಿಡಿಯೋ ತೆಗೆಯುತ್ತಿದ್ದ. ಒಳ್ಳೆಯ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷಗಟ್ಟಲೆ ಹೆಣ್ಣುಗಂಡುಗಳನ್ನು ನಗಿಸಿ ನಗಿಸಿ ಅವನಿಗೇ ಬೇಜಾರು ಹತ್ತಿ, ಯಾರನ್ನಾದರೂ ಹೆದರಿಸಬೇಕು ಅನ್ನಿಸಿರಬೇಕು. ಒಂದು ಭಾನುವಾರ ಆತಗೂರಿನ ಕಡೆಯಿರುವ ನಮ್ಮೂರಿಗೆ ಬಂದು, ಗದ್ದೆ ಬದುವಿನ ಮೇಲೆ ನಿಂತು, ಆಳೆತ್ತರ ಮೀರಿ ಬೆಳೆದ ಕಬ್ಬನ್ನು ನೋಡಿ, ಇದರೊಳಗೆ ಸಾಯೋದಕ್ಕೆ ಎಷ್ಟು ಚೆನ್ನಾಗಿದೆಯಲ್ಲ ಎಂದ. ಮದ್ದೂರಿನಲ್ಲಿ ವಿಜ್ಞಾನ ಪಾಠ ಮಾಡುವ ಮೇಷ್ಟ್ರು ನಾನು, ದೆವ್ವದ ಸಿನಿಮಾಕ್ಕೆ ಗದ್ದೆ ಕೊಟ್ಟರೆ ನನ್ನ ಮರ್ಯಾದೆ ಏನಾಗಬೇಕು ಎಂದು ಬೈದೆ. ಬೈದು, ಕೊಟ್ಟೆ.

ಮದುವೆ ತೆಗೆದ ಕೈ ಕೊಲೆ ತೆಗೆದರೆ ಹೇಗಿರುತ್ತದೆ ಎಂದು ನೋಡಬೇಕಾದರೆ ಆ ಸಿನಿಮಾ ನೋಡಬೇಕು. ಕಡಿಸಿಕೊಂಡವನು ದಡಕ್ಕನೆ ಬೀಳುವ ಹಾಗಿಲ್ಲ; ಧಾರೆ ಮಂಟಪದಲ್ಲಿ ಹೆಣ್ಣು ತಲೆ ಎತ್ತುವ ಹಾಗೆ ನಿಧಾನವಾಗಿ ಬೀಳಬೇಕು. ಹೆಣದ ಮೇಲೆ ಡ್ರೋನು ಮೂರು ಸುತ್ತು ಹಾಕಬೇಕು. ಲೈಟು ತರಿಸುವ ಶಕ್ತಿ ಅವನಿಗಿರಲಿಲ್ಲ. ಅದಕ್ಕೇ ಮಟಮಟ ಮಧ್ಯಾಹ್ನ, ಕಬ್ಬಿನ ಸಾಲಿನೊಳಗೆ ಕತ್ತಲೆಯಂಥದೇನೋ ಇರುತ್ತದಲ್ಲ, ಅದರಲ್ಲಿ ತೆಗೆದು ಆಮೇಲೆ ನೀಲಿ ಬಣ್ಣ ಹಚ್ಚಿ ರಾತ್ರಿ ಮಾಡುತ್ತಿದ್ದ. ರಕ್ತಕ್ಕೆಂದು ಬೆಲ್ಲದ ಪಾಕಕ್ಕೆ ಕುಂಕುಮ ಕಲಸುತ್ತಿದ್ದರು. ಹೀಗಾಗಿ ನಮ್ಮ ಸಿನಿಮಾದ ಹೆಣಗಳಿಗೆಲ್ಲ ಇರುವೆ ಮುತ್ತುತ್ತಿದ್ದವು. ಕರುಳಿಗೆ ಮಾತ್ರ ಮದ್ದೂರಿನ ಕೋಳಿ ಅಂಗಡಿಯಿಂದ ಒಂದು ಬಕೆಟ್ಟು ಬರುತ್ತಿತ್ತು, ಪುಕ್ಕಟೆ. ಬಕೆಟ್ಟಿನ ಜೊತೆ ಊರಿನ ಕಾಗೆಗಳೂ ಬರುತ್ತಿದ್ದವು.

ಮೊದಲನೇ ದಿನವೇ ಅನಾಹುತ. ಆ ಬಕೆಟ್ಟನ್ನು ಪಂಪ್‌ಸೆಟ್ ಮನೆಯ ನೆರಳಿಗೆ ಇಡೋಣ ಎಂದು ನಾನು ಎತ್ತಿಕೊಂಡು ಹೊರಟೆ. ತೆಂಗಿನ ಮರದಿಂದ ಒಂದು ಕಾಗೆ ಇಳಿದು ನನ್ನ ನೆತ್ತಿಗೆ ಬಡಿದು ಹಾರಿತು. ರೆಕ್ಕೆಯೋ ಕೊಕ್ಕೋ ತಿಳಿಯಲಿಲ್ಲ, ಮುಟ್ಟಿದ್ದಂತೂ ಹೌದು. ಬದುವಿನ ಮೇಲೆ ಶೂಟಿಂಗ್ ನೋಡುತ್ತ ಕೂತಿದ್ದ ಹೆಂಗಸರೆಲ್ಲ ಒಟ್ಟಿಗೆ ಬಾಯಿ ಮುಚ್ಚಿಕೊಂಡರು. ಕಾಗೆ ತಲೆ ಮುಟ್ಟಿದರೆ ಸಾವು ಎಂಬ ನಂಬಿಕೆ ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮನೆಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಹೆಂಡತಿ ಬಾಗಿಲಲ್ಲೇ ತಡೆದು ತಲೆಗೆ ನೀರು ಹುಯ್ದಳು. ಶನಿದೇವರಿಗೆ ಎಳ್ಳೆಣ್ಣೆ ದೀಪ ಹಚ್ಚಿ ಬನ್ನಿ ಎಂದಳು. ತನ್ನ ತವರು ವೈದ್ಯನಾಥಪುರದಲ್ಲಿ ಇದಕ್ಕೆ ಇನ್ನೂ ದೊಡ್ಡ ಪರಿಹಾರ ಇದೆಯಂತೆ: ನೆಂಟರಿಗೆ ಸತ್ತ ಎಂದು ಸುಳ್ಳು ಸುದ್ದಿ ಕಳಿಸುವುದು. ಅವರು ನಿಜವೆಂದು ನಂಬಿ ಎದೆ ಬಡಿದುಕೊಂಡು ಅತ್ತರೆ, ಬರಬೇಕಾದ ಸಾವು ಆ ಅಳುವಿನಲ್ಲೇ ತೀರಿಹೋಗುತ್ತದೆ. ಕರುಳು ನೋಡಿ ಬಂದ ಕಾಗೆಗೆ ನನ್ನ ಜಾತಕ ಯಾಕೆ ಬೇಕು ಎಂದು ನಾನು ನಕ್ಕೆ.

ನನಗೋಸ್ಕರ ಹಾಗೆ ಅಳಬಲ್ಲವರು ಯಾರು ಎಂದು ಅವಳು ಕೇಳಲಿಲ್ಲ. ನಮ್ಮಿಬ್ಬರಿಗೂ ಗೊತ್ತಿತ್ತು. ನಮ್ಮಪ್ಪನ ತಂಗಿ, ನನ್ನ ಸೋದರತ್ತೆ.

ಮಳವಳ್ಳಿ ರಸ್ತೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದ ಹೆಣ್ಣು. ಚಿಕ್ಕ ವಯಸ್ಸಿಗೇ ಗಂಡ ಹೋದ. ಇದ್ದದ್ದು ಒಬ್ಬಳೇ ಮಗಳು. ಹೈಸ್ಕೂಲಿನ ಮೂರು ವರ್ಷ ನಾನು ಅವಳ ಮನೆಯಲ್ಲಿದ್ದೆ. ಬೆಳಿಗ್ಗೆ ಎಬ್ಬಿಸಿ, ಮುದ್ದೆಯ ನಡುವೆ ಗುಂಡಿ ಮಾಡಿ ಉಪ್ಸಾರು ಬಿಟ್ಟು, ಅದರ ಮೇಲೆ ನಾನು ಸಾಕು ಅನ್ನುವವರೆಗೂ ತುಪ್ಪ ಬಿಡುತ್ತಿದ್ದಳು. ಸುತ್ತಲ ಹಳ್ಳಿಗಳಲ್ಲಿ ಅವಳ ಹೆಸರು ಹಬ್ಬಿದ್ದು ಬೇರೆ ಕಾರಣಕ್ಕೆ. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಸತ್ತವರ ತಲೆದೆಸೆಯಲ್ಲಿ ಕೂತು, ಅವರು ಉತ್ತ ಹೊಲ, ಸಾಕಿದ ಎತ್ತು, ಆಡಿದ ಜಗಳ, ಎಲ್ಲವನ್ನೂ ಪದ ಕಟ್ಟಿ ಅವರಿಗೇ ಹೇಳುತ್ತಿದ್ದಳು. ಪಾಲಿನ ವ್ಯಾಜ್ಯ ಆಡಿ ಮುಖ ತಿರುಗಿಸಿಕೊಂಡಿದ್ದ ದಾಯಾದಿಗಳೂ ಅದನ್ನು ಕೇಳಿ ಹತ್ತಿರ ಬಂದು ಕೂರುತ್ತಿದ್ದರು.

ಅತ್ತೆ ಮಗಳು ಅಂದ ಮೇಲೆ ನನಗೇ ಎಂದು ಎರಡೂ ಮನೆಯಲ್ಲಿ ಲೆಕ್ಕ ಹಾಕಿಯಾಗಿತ್ತು. ನಾನು ಒಲ್ಲೆ ಅಂದೆ. ಆ ಹುಡುಗಿಯ ಮೇಲೆ ನನಗೆ ಕೋಪವೇನೂ ಇರಲಿಲ್ಲ, ಅವಳಿಗೂ ನನ್ನನ್ನು ಕಟ್ಟಿಕೊಳ್ಳುವ ಹಂಬಲ ಇರಲಿಲ್ಲ. ಆಮೇಲೆ ಮಂಡ್ಯದ ಕಡೆ ಒಳ್ಳೆಯ ಮನೆ ಸೇರಿ ಸುಖವಾಗಿದ್ದಾಳೆ, ಸಿಕ್ಕಾಗ ಬಾವ ಎಂದು ಮಾತಾಡಿಸುತ್ತಾಳೆ. ಆದರೆ ಅತ್ತೆಗೆ ಅದು ತಡೆಯಲಾರದ ಅವಮಾನವಾಯಿತು. ಅವನು ನನ್ನ ಪಾಲಿಗೆ ಸತ್ತ ಎಂದು ಹತ್ತು ಜನರ ಮುಂದೆ ಅಂದಳು. ಸತ್ತವನು ಯಾಕೆ ಅವಳ ಹೊಸ್ತಿಲು ತುಳಿಯಬೇಕು ಎಂದು ನಾನೂ ಹೋಗುವುದು ಬಿಟ್ಟೆ. ಜಿದ್ದು ನಮ್ಮ ವಂಶದ ಆಸ್ತಿ. ಪಿತ್ರಾರ್ಜಿತ, ಹೆಣ್ಣುಮಕ್ಕಳಿಗೂ ಸಮಪಾಲು. ಮದುವೆ ಮನೆಗಳಲ್ಲಿ ಎದುರಾದರೆ ಇಬ್ಬರೂ ಬೇರೆ ಬೇರೆ ಕಂಬಗಳನ್ನು ನೋಡುತ್ತಿದ್ದೆವು. ಹೀಗೆ ಹನ್ನೆರಡು ವರ್ಷ.

ಈ ನಡುವೆ ನಿರ್ದೇಶಕನ ಮೇಲೆ ಸಕ್ಕರೆ ಫ್ಯಾಕ್ಟರಿಯವರು ಬಾಂಬು ಹಾಕಿದರು. ನನ್ನ ಗದ್ದೆಗೆ ಕಟಾವಿನ ಆರ್ಡರ್ ಬಂತು. ಆರ್ಡರ್ ಬಂದ ಮೇಲೆ ಕಬ್ಬು ನಿಲ್ಲಿಸಿಕೊಂಡರೆ ಮತ್ತೆ ಯಾವಾಗ ಸರದಿ ಬರುತ್ತದೋ ದೇವರೇ ಬಲ್ಲ. ದೆವ್ವಕ್ಕೋಸ್ಕರ ಯಾವ ರೈತನೂ ಆ ಕೆಲಸ ಮಾಡುವುದಿಲ್ಲ. ಆಳುಗಳು ಒಂದು ಕಡೆಯಿಂದ ಕಡಿಯುತ್ತ ಬಂದರು, ಇನ್ನೊಂದು ಕಡೆಯಿಂದ ಇವನು ಓಡುತ್ತ ಓಡುತ್ತ ಸಿನಿಮಾ ತೆಗೆದ. ಕೊನೆಗೆ ಸಾಯಬೇಕಾದವರೆಲ್ಲ ಮೊದಲಿಗೇ ಸತ್ತರು. ಮೂರನೆಯ ಹೆಣವಾಗಬೇಕಿದ್ದ ನಾಟಕದವನಿಗೆ ಮುಂದಿನ ವಾರ ಬಾ ಎಂದು ಹೇಳಿದ್ದರಿಂದ ಅವನು ಊರಲ್ಲೇ ಇರಲಿಲ್ಲ. ನಿರ್ದೇಶಕ ನನ್ನ ಕಡೆ ನೋಡಿದ. ಮಾತಾಡುವ ಪಾತ್ರವಲ್ಲ, ಸುಮ್ಮನೆ ಬಿದ್ದುಕೊಂಡಿರು ಸಾಕು ಎಂದ. ಸ್ಟಾಫ್ ರೂಮಿನಲ್ಲಿ ನನಗೆ ಅದರ ಅಭ್ಯಾಸವಿತ್ತು, ಒಪ್ಪಿದೆ.

ಆ ಹೆಣದ ಮೇಲೆ ತಾಯಿಯೊಬ್ಬಳು ಅಳುವ ದೃಶ್ಯ ಇತ್ತು. ಸುಳ್ಳು ಅಳು ಬೇಡ, ನಿಜವಾಗಿ ಹಾಡಿಕೊಂಡು ಅಳುವವರೇ ಬೇಕು ಎಂದು ಅವನಿಗೆ ಹಟ. ಊರಿನವರು ನನ್ನ ಅತ್ತೆಯ ಹೆಸರು ಹೇಳಿದರು. ಸತ್ತರೂ ಬರುವುದಿಲ್ಲ, ಹೋಗಿ ಕಾಲು ಸವೆಸಬೇಡ ಎಂದು ನಾನು ಹೇಳಿದೆ. ಹೋಗಿ ಬಂದ ಅವನು ಕಣ್ಣರಳಿಸಿ, ಹೆಣ ಯಾರು ಅಂತ ಕೇಳಿದಳು, ಹೇಳಿದೆ, ಒಪ್ಪಿಬಿಟ್ಟಳು ಎಂದ. ನನಗೆ ಮೈಯೆಲ್ಲ ಉರಿಯಿತು. ಮಾತು ಬಿಟ್ಟವಳಿಗೆ ಸಿನಿಮಾದಲ್ಲಿ ಕಾಣಿಸಿಕೊಳ್ಳುವ ಚಪಲ ಮಾತ್ರ ಬಿಟ್ಟಿಲ್ಲ ಅಂದುಕೊಂಡೆ.

ಮಾರನೆಯ ದಿನ ಪಕ್ಕದ ಮನೆಯವರ ಮೊಪೆಡ್ಡಿನ ಹಿಂದೆ ಕೂತು ಬಂದಳು. ಸಿನಿಮಾಕ್ಕೆ ಬರುವವರ ಸೀರೆಯಲ್ಲ, ಗದ್ದೆ ಕೆಲಸದ ಹಳೇ ಸೀರೆ. ಕಡಿದ ಕಬ್ಬಿನ ಕೂಳೆ ಚುಚ್ಚದ ಹಾಗೆ ತರಗು ಹಾಸಿ ಅದರ ಮೇಲೆ ನನ್ನನ್ನು ಮಲಗಿಸಿದ್ದರು. ಕತ್ತಿನಿಂದ ಹೊಟ್ಟೆಯವರೆಗೆ ಬೆಲ್ಲದ ರಕ್ತ, ಅದರ ಮೇಲೆ ಇರುವೆ. ಅವಳ ಹೆಜ್ಜೆ ಕೇಳಿದಾಗಲೇ ನಾನು ಕಣ್ಣು ಮುಚ್ಚಿದೆ. ತಲೆದೆಸೆಯಲ್ಲಿ ಕೂತಳು. ಎಣ್ಣೆ, ಸೌದೆ ಹೊಗೆ, ಎಲೆಅಡಿಕೆ, ಹೈಸ್ಕೂಲಿನ ದಿನಗಳ ಅದೇ ವಾಸನೆ. ಸೆರಗು ಸರಿಮಾಡಿಕೊಂಡಳು. ಆಮೇಲೆ ಶುರು ಮಾಡಿದಳು.

"ಏಳೋ ನನ್ನಪ್ಪ, ಬಿಸ್ಲು ಏರ್ತು, ಸ್ಕೂಲ್ಗೆ ಒತ್ತಾಯ್ತು, ಏಳೋ ನನ್ನಪ್ಪ. ಉಪ್ಸಾರಿಗೆ ತುಪ್ಪ ಬುಡು ಅಂತ ಕುಂತಿದ್ದೆಲ್ಲೋ, ತುಪ್ಪ ಐತೆ, ನೀನೆಲ್ಲೋ ನನ್ನಪ್ಪ. ಸತ್ತ ಅಂದ್ಬುಟ್ಟೆ ಕಣೋ, ನನ್ನ ನಾಲ್ಗೆ ಬಿದ್ದೋಗ. ನನ್ನ ಮಗಳ ಒಲ್ಲೆ ಅಂದೆ, ಅದು ನಿನ್ನಿಷ್ಟ. ನನ್ನ ಮನೆ ಅನ್ನಾನ ಯಾಕೋ ಒಲ್ಲೆ ಅಂದೆ ನನ್ನಪ್ಪ."

ಇನ್ನೂ ಬಹಳ ಇತ್ತು. ನನಗೆ ಅಮ್ಮ ಬಂದು ಮೈಯೆಲ್ಲ ಗುಳ್ಳೆ ಎದ್ದಾಗ ಬೇವಿನ ಸೊಪ್ಪು ಹಾಸಿ ಮಲಗಿಸಿದ್ದು, ನಾನು ಹತ್ತನೇ ಕ್ಲಾಸು ಪಾಸಾದಾಗ ಊರಿಗೆಲ್ಲ ಸಕ್ಕರೆ ಹಂಚಿದ್ದು, ನನ್ನ ಮದುವೆ ದಿನ ಬಾಗಿಲು ಹಾಕಿಕೊಂಡು ಮಲಗಿದ್ದು. ಯಾವುದನ್ನೂ ಎಂದೂ ನನ್ನ ಮುಂದೆ ಆಡಿದವಳಲ್ಲ. ಬದುಕಿದ್ದವನ ಜೊತೆ ಮಾತು ಬಿಟ್ಟಿದ್ದಳು, ಸತ್ತವನ ಜೊತೆ ಆಡಬಹುದಾಗಿತ್ತು. ನಾನು ಹಲ್ಲು ಕಚ್ಚಿಕೊಂಡು ಮಲಗಿದ್ದೆ. ಉಸಿರು ಹಿಡಿದರೆ ಹಿಡಿಯಬಹುದು, ಕಣ್ಣೀರು ಹಿಡಿಯಲು ಆಗಲಿಲ್ಲ. ಮುಚ್ಚಿದ ರೆಪ್ಪೆಯಿಂದ ಹೊರಟು ಕಿವಿಯ ಕಡೆ ಇಳಿಯಿತು.

ಅವಳ ಪದ ಮುಗಿದ ಮೇಲೆ ನಿರ್ದೇಶಕ ಓಡಿ ಬಂದ. ಅವನ ಕಣ್ಣೂ ಒದ್ದೆಯಾಗಿತ್ತು, ಆದರೂ ನನ್ನ ಮೇಲೆ ಸಿಟ್ಟು.

"ಲೇ, ಹೆಣ ಅಳಂಗಿಲ್ಲ ಕಣ್ಲಾ. ಎಲ್ಲಾ ಹಾಳು ಮಾಡ್ಬುಟ್ಟೆ."

ಇನ್ನೊಂದು ಸಲ ಅಳಬೇಕಮ್ಮ ಎಂದು ಅತ್ತೆಯನ್ನು ಬೇಡಿಕೊಂಡ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು.

"ಒಬ್ಬ ಒಂದ್ಸಲಾನೇ ಸಾಯೋದು. ಎರಡ್ನೇ ಸಲ ಅಳು ಅಂತೀಯಲ್ಲ, ನಿಂಗೇನ್ ಗ್ಯಾನ ಐತಾ?"

ನಾನು ಎದ್ದು ಕೂತಿದ್ದೆ. ಅವಳು ನನ್ನ ಕಡೆ ತಿರುಗಲಿಲ್ಲ. ಪಂಪ್‌ಸೆಟ್ಟಿನ ನೀರಿನಲ್ಲಿ ಕೈಕಾಲು ಮುಖ ತೊಳೆದು, ಕೊಟ್ಟ ಕಾಫಿ ಮುಟ್ಟದೆ, ಬಂದ ಮೊಪೆಡ್ಡಿನಲ್ಲೇ ಹೊರಟುಹೋದಳು. ಅಷ್ಟೆಲ್ಲ ಹೇಳಿ ಮುಖ ನೋಡದೆ ಹೋದಳಲ್ಲ. ಎಲ್ಲ ನಟನೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಹಣೆ ಚಚ್ಚಿಕೊಂಡಳು. ಕಾಗೆ ಮುಟ್ಟಿದ ಸುದ್ದಿ ಮಳವಳ್ಳಿ ರಸ್ತೆಯವರೆಗೂ ಹೋಗಿತ್ತಂತೆ. ಅತ್ತೆ ಬಂದದ್ದು ಸಿನಿಮಾಕ್ಕಲ್ಲ, ಆ ದೋಷ ತೆಗೆಯಲು; ಬದುಕಿದ್ದಾನೆ ಎಂದು ಗೊತ್ತಿದ್ದರೂ ನಿಜವಾಗಿ ಅತ್ತರೆ ಸಾಕಂತೆ. ದೋಷಕ್ಕೆ ಅತ್ತವರು ಅತ್ತ ಮೇಲೆ ಅಲ್ಲೇ ಮುಖ ನೋಡಬಾರದು, ನೋಡಿದರೆ ಅತ್ತದ್ದು ವ್ಯರ್ಥ. ಅಳಿಸಿಕೊಂಡವನೇ ಆಮೇಲೆ ಅವರ ಮನೆಗೆ ಹೋಗಿ, ಬದುಕಿದ್ದೀನಿ ಎಂದು ಮುಖ ತೋರಿಸಿ, ಅವರ ಕೈಯಿಂದ ಉಂಡು ಬರಬೇಕು. ಅವರು ಕರೆಯುವ ಹಾಗಿಲ್ಲ, ಇವನೇ ಹೋಗಬೇಕು.

"ನಾಳೇನೇ ಓಗ್ ಬನ್ರೀ," ಅಂದಳು. "ಆವಮ್ಮ ಒಲೆ ಹಚ್ಕೊಂಡು ಕಾಯ್ತಾ ಇರ್ತದೆ."

ನಾಳೆ ಹೋಗಬಹುದಾಗಿತ್ತು. ಮದ್ದೂರಿಂದ ಮಳವಳ್ಳಿಗೆ ಬಸ್ಸಿಗೇನು ಬರವೇ? ಆದರೆ ಹೋಗಿ, ಅವಳು ಮುಖ ತಿರುಗಿಸಿದರೆ? ಕಾಗೆ ಕತೆ ಎಲ್ಲ ಹೆಂಡತಿ ಕಟ್ಟಿದ್ದಾಗಿದ್ದರೆ? ಒಂದು ಮಾತು ಹೇಳಿ ಕಳಿಸಲಿ, ಹೋಗುತ್ತೇನೆ ಎಂದೆ. ಕರೆಯಬಾರದ ಶಾಸ್ತ್ರಕ್ಕೆ ಕರೆ ಬರಲಿ ಎಂದು ಕೂತ ಬುದ್ಧಿವಂತ ನಾನು. ಪರೀಕ್ಷೆ ಬಂತು, ಮೌಲ್ಯಮಾಪನ ಬಂತು, ಕೂಳೆ ಕಬ್ಬು ಚಿಗುರಿತು.

ಸಿನಿಮಾ ಯಾವ ಟಾಕೀಸಿಗೂ ಬರಲಿಲ್ಲ, ಯೂಟ್ಯೂಬಿಗೆ ಬಂತು. ಅರ್ಧ ಸಿನಿಮಾ ಕಬ್ಬಿನೊಳಗೆ, ಅರ್ಧ ಬಟಾಬಯಲಿನಲ್ಲಿ. ಬಯಲಿನಲ್ಲಿ ದೆವ್ವ ಅಡಗಲು ಜಾಗವಿಲ್ಲದೆ ಬದುವಿನ ಮೇಲೆ ಪೆಚ್ಚಾಗಿ ನಿಂತಿರುತ್ತದೆ. ಜನ ನೋಡಿದ್ದು ನನ್ನ ದೃಶ್ಯಕ್ಕೆ. ಹೆಣದ ಕಣ್ಣಲ್ಲಿ ನೀರು ಬರುವುದನ್ನು ಯಾರೋ ಕತ್ತರಿಸಿ ಹಾಕಿ, ಹೆಣ ಅಳ್ತಾ ಐತೆ ನೋಡ್ರಪ್ಪೋ ಎಂದು ಬರೆದಿದ್ದರು. ನನ್ನ ಸ್ಕೂಲಿನ ಮಕ್ಕಳು ಕಾರಿಡಾರಿನಲ್ಲಿ ನನ್ನನ್ನು ಕಂಡರೆ ಕಣ್ಣು ಮುಚ್ಚಿ ಗೋಡೆಗೆ ಒರಗುತ್ತಿದ್ದರು. ಅದು ಪರವಾಗಿಲ್ಲ. ಅತ್ತೆಯ ಪದ ಶುರುವಾಗಿ ಎರಡು ಸಾಲು ಆಗುವಷ್ಟರಲ್ಲಿ ನಿರ್ದೇಶಕ ಅದರ ಮೇಲೆ ಡ್ರಮ್ಮು ಬಾರಿಸಿಬಿಟ್ಟಿದ್ದ. ಬಾಯಿ ಆಡುವುದು ಕಾಣುತ್ತದೆ, ಅನ್ನದ ಮಾತು ಕೇಳುವುದಿಲ್ಲ. ಡ್ರಮ್ಮಿಲ್ಲದ್ದು ಕೊಡೋ ಎಂದು ಸ್ಟುಡಿಯೋಗೆ ಹೋದೆ. ಕಾರ್ಡಿನಿಂದ ಅದನ್ನು ಅಳಿಸಿ ಆ ಜಾಗಕ್ಕೆ ಮದುವೆ ವಿಡಿಯೋ ಒಂದನ್ನು ತುಂಬಿಯಾಗಿತ್ತು. ಅವನ ಮೇಲೆ ಕೂಗಾಡಿದೆ. ಅಷ್ಟು ಬೇಕಿದ್ದರೆ ಅವಳ ಮನೆಗೇ ಹೋಗಿ ಕೇಳೋ ಎಂದ. ಆ ಸಿನಿಮಾಕ್ಕೆ ಸಂಬಂಧಪಟ್ಟ ಹಾಗೆ ಅವನು ಆಡಿದ ಒಂದೇ ಸರಿಯಾದ ಮಾತು ಅದು.

ಸಂಕ್ರಾಂತಿಗೆ ಎಳ್ಳು ಕೊಡುವ ನೆಪದಲ್ಲಿ ಹೋಗೋಣ ಎಂದು ಮನಸ್ಸು ಮಾಡಿದೆ. ನೆಪ ಸಿಕ್ಕಿತು ಎಂದು ಖುಷಿಯೂ ಆಯಿತು. ಕಾರ್ತಿಕದಲ್ಲೇ ಫೋನು ಬಂತು. ದನಕ್ಕೆ ಮೇವು ಹಾಕಿ ಬಂದು ಜಗುಲಿಯ ಮೇಲೆ ಕೂತ ಅತ್ತೆ ಹಾಗೇ ಒರಗಿದಳಂತೆ.

ಮಣ್ಣಿಗೆ ಹೋದೆ. ಹೆಂಗಸರು ಸುತ್ತ ಕೂತು ಬಿಕ್ಕುತ್ತಿದ್ದರು. ಹಾಡಿಕೊಂಡು ಅಳುವವರು ಒಬ್ಬರೂ ಇರಲಿಲ್ಲ. ಯಾರಾದರೂ ಒಂದು ಪದ ಅನ್ರವ್ವ ಎಂದು ಒಬ್ಬ ಮುದುಕಿ ಕೇಳಿತು. ಯಾರಿಗೂ ಬರುತ್ತಿರಲಿಲ್ಲ. ಅಷ್ಟು ಊರಿನ ಸಾವನ್ನು ಹಾಡಿದವಳು ಒಂದು ಪದವಿಲ್ಲದೆ ಹೋದಳು. ನಾನು ಅವಳ ತಲೆದೆಸೆಯಲ್ಲಿ ನಿಂತಿದ್ದೆ. ಅವಳು ನನಗೆ ಹೇಳಿದ್ದೆಲ್ಲ ಒಂದೊಂದಾಗಿ ನೆನಪಿತ್ತು, ತಿರುಗಿ ಹೇಳಲು ನಾಲಗೆ ಏಳಲಿಲ್ಲ.

ತಿಥಿಯ ದಿನ ಮಣ್ಣು ಮಾಡಿದ ಜಾಗದಲ್ಲಿ ಬಾಳೆಎಲೆಯ ಮೇಲೆ ಎಡೆ ಇಟ್ಟೆವು. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿ. ಕಾಗೆಗಳು ಬಂದವು, ಹುಣಸೆ ಮರದ ಮೇಲೆ ಕೂತವು, ಇಳಿಯಲಿಲ್ಲ. ಏನೋ ಆಸೆ ಉಳಿದಿದೆ, ಒಬ್ಬೊಬ್ಬರೂ ಮಾತು ಕೊಡಿ ಎಂದು ಹಿರಿಯರು ಹೇಳಿದರು. ದನಗಳನ್ನು ನೋಡಿಕೊಳ್ಳುತ್ತೇನೆ ಎಂದು ಅಳಿಯ ಹೇಳಿದ. ಮನೆ ದೀಪ ಆರಲು ಬಿಡುವುದಿಲ್ಲ ಎಂದು ಮಗಳು ಹೇಳಿದಳು. ಕಾಗೆ ಅಲ್ಲಾಡಲಿಲ್ಲ. ಆಗ ಅವಳು ನನ್ನ ಹತ್ತಿರ ಬಂದಳು.

"ಬಾವ, ನೀನೊಂದ್ ಮಾತೇಳು. ಉಣ್ಣಕ್ ಬಂದಿವ್ನಿ ಅನ್ನು."

ನಾನು ವಿಜ್ಞಾನದ ಮೇಷ್ಟ್ರು. ಕಾಗೆ ಯಾಕೆ ಇಳಿಯುತ್ತದೆ, ಯಾಕೆ ಇಳಿಯುವುದಿಲ್ಲ, ಜನ ಸುತ್ತ ನಿಂತರೆ ಏನಾಗುತ್ತದೆ ಎಂದು ಮಕ್ಕಳಿಗೆ ವಿವರಿಸಬಲ್ಲೆ. ಕೈ ಮುಗಿದು ಹೇಳಿದೆ. ಅತ್ತೆ, ಉಣ್ಣಕ್ಕೆ ಬಂದಿದ್ದೀನಿ, ಬಂದದ್ದು ತಡವಾಯಿತು ಎಂದೆ. ಎಲ್ಲರೂ ಮರದ ಕಡೆ ನೋಡಿದರು. ಕರೆಯದೆ ಇಳಿದು ನನ್ನ ನೆತ್ತಿ ಮುಟ್ಟಿದ ಜಾತಿ, ಕೈ ಮುಗಿದರೂ ಇಳಿಯಲಿಲ್ಲ. ಬಿಸಿಲು ಏರಿತು. ಕೊನೆಗೆ ಎಡೆಯನ್ನು ಹಸುವಿಗೆ ಇಟ್ಟು ಮನೆಗೆ ಬಂದೆವು.

ಊಟಕ್ಕೆ ಕೂತೆ. ಅದೇ ನಡುಮನೆ, ಅದೇ ಗೋಡೆ ಬದಿ. ಮಗಳೇ ಬಡಿಸಲು ಬಂದಳು. ಸಿನಿಮಾದ ಗದ್ದೆಯಿಂದ ಬಂದ ಮಾರನೆಯ ದಿನ ಅವ್ವ ತನ್ನನ್ನು ಕರೆಸಿಕೊಂಡು ಬೆಣ್ಣೆ ಕಾಯಿಸಿದಳು ಎಂದು ಹೇಳಿದಳು. ವಾರವೆಲ್ಲ ಉಪ್ಸಾರೇ ಮಾಡಿದಳಂತೆ. ಮಧ್ಯಾಹ್ನದ ಬಸ್ಸು ನಿಂತ ಸದ್ದಾದರೆ ಜಗುಲಿಗೆ ಬಂದು ನಿಲ್ಲುತ್ತಿದ್ದಳಂತೆ. ಸಿನಿಮಾ ಬಂದ ಮೇಲೆ ಮಗಳು ಊರಿಗೆ ಹೋದಾಗಲೆಲ್ಲ ಫೋನಿನಲ್ಲಿ ಆ ಜಾಗ ಒಂದನ್ನೇ ಹಾಕಿಸಿಕೊಂಡು ನೋಡುತ್ತಿದ್ದಳು. ತನ್ನ ಮುಖ ಬಂದದ್ದು ಅವಳಿಗೆ ಬೇಕಿರಲಿಲ್ಲ. ನನ್ನ ಕಣ್ಣಿನಿಂದ ನೀರು ಇಳಿಯುವ ಕಡೆ ನಿಲ್ಲಿಸು ಅನ್ನುತ್ತಿದ್ದಳು. ನಿಲ್ಲಿಸಿದ ಮೇಲೆ ಬೆರಳಿನಿಂದ ಫೋನಿನ ಗಾಜನ್ನು ಒರೆಸುತ್ತಿದ್ದಳು.

"ಏನಂತಿದ್ಲು?" ಎಂದು ಕೇಳಿದೆ.

ಅವಳು ಸಾರಿನ ಸೌಟು ಕೆಳಗಿಟ್ಟಳು.

"ಹೆಣಾನೇ ಅತ್ಬುಡ್ತು, ಜೀವ ಇರೋನು ಉಣ್ಣಕ್ ಬರ್ನಿಲ್ವಲ್ಲವ್ವ ಅನ್ನೋಳು, ಬಾವ."

ಹೇಳಿ, ತುಪ್ಪದ ಗಿಂಡಿ ಎತ್ತಿಕೊಂಡು ನನ್ನ ಎಲೆಗೆ ಬಿಡತೊಡಗಿದಳು. ನಾನು ಸಾಕು ಅನ್ನಬೇಕಿತ್ತು. ಬಾಯಿ ಬರಲಿಲ್ಲ, ಅವಳು ಬಿಡುತ್ತಲೇ ಇದ್ದಳು.